ತೊಪ್ಪೂರಿನ ಬಂಡೆಗಳ ಮೇಲೆ ತಾರೆಗಳು

ಬಂಡೆಗಳ ಮೇಲಿನ ನಕ್ಷತ್ರಗಳ ಫೋಟೋ ತೆಗೆಯಲು ಮರುಭೂಮಿಗೇ ಹೋಗಬೇಕೆಂದು ನಾವೂ ತಿಳಿದಿದ್ದೆವು. ಧರ್ಮಪುರಿಯಿಂದ ಸೇಲಂಗೆ ಹೋಗುವಾಗ ತೊಪ್ಪೂರಿನ ಬಂಡೆಗುಡ್ಡಗಳನ್ನು ಕಂಡ ಮೇಲೆ ಆ ಯೋಚನೆ ಬಿಟ್ಟೆವು.

ಆದರೆ ಮಕ್ಕಳೊಡನೆ ಹೋಗುವವರು ಒಂದು ಮಾತು ಕೇಳಬೇಕು. ಹೆದ್ದಾರಿಯ ಅಂಚಿನಲ್ಲಿ ಖಂಡಿತ ನಿಲ್ಲಬೇಡಿ. ಈ ಘಟ್ಟದ ಇಳಿಜಾರು ಅನೇಕ ಮನೆಗಳ ದೀಪ ಆರಿಸಿದೆ. 2024ರ ಜನವರಿಯಲ್ಲಿ ಒಂದೇ ಅಪಘಾತದಲ್ಲಿ ನಾಲ್ವರು ಸತ್ತರು. ಹಗಲಲ್ಲೇ ಊರೊಳಗೆ ಹೋಗಿ, ಹೊಲದವರನ್ನು ಕೇಳಿ ಜಾಗ ನೋಡಿಕೊಳ್ಳಿ. ಲಾರಿಗಳ ಬೆಳಕಿಗೆ ಗುಡ್ಡ ಅಡ್ಡವಾಗಿದ್ದರೆ ಇನ್ನೂ ಒಳ್ಳೆಯದು. ಮೊದಲ ಸಲ ನಾವು ಇದನ್ನು ಗಮನಿಸದೆ, ಚಿತ್ರವೆಲ್ಲ ಬೆಳ್ಳಗಾಗಿ ಮನೆಗೆ ಬಂದೆವು.

ಅಮಾವಾಸ್ಯೆಯ ಆಸುಪಾಸಿನ ರಾತ್ರಿ ಬೇಕು, ಗಟ್ಟಿ ಸ್ಟ್ಯಾಂಡ್ ಬೇಕು. ಭೂಮಿ ತಿರುಗುವುದರಿಂದ ತಾರೆಗಳು ಗಂಟೆಗೆ 15 ಡಿಗ್ರಿ ಸರಿದಂತೆ ಕಾಣುತ್ತವೆ. 500ನ್ನು ಲೆನ್ಸಿನ ಮಿಲಿಮೀಟರಿನಿಂದ ಭಾಗಿಸಿ: 20 ಮಿ.ಮೀ. ಲೆನ್ಸಿಗೆ 25 ಸೆಕೆಂಡು. ಅದಕ್ಕಿಂತ ಹೆಚ್ಚು ಹೊತ್ತು ತೆರೆದಿಟ್ಟರೆ ಚುಕ್ಕೆ ಗೆರೆಯಾಗುತ್ತದೆ. ಗೆರೆಯೇ ಬೇಕಿದ್ದರೆ ಉತ್ತರಕ್ಕೆ ತಿರುಗಿಸಿ. ಇಲ್ಲಿ ಧ್ರುವತಾರೆ ಕ್ಷಿತಿಜದಿಂದ ಸುಮಾರು 12 ಡಿಗ್ರಿಯಷ್ಟೇ ಮೇಲೆ, ಅಂದರೆ ಚಾಚಿದ ಕೈಯ ಮುಷ್ಟಿಗಿಂತ ತುಸು ಎತ್ತರ. ಬಂಡೆಯ ನೆತ್ತಿಗೆ ಸರಿಯಾಗಿ ಸಿಗುತ್ತದೆ.

ಮೇ ತಿಂಗಳ ಸಂಜೆಗಳಲ್ಲಿ ದಕ್ಷಿಣಕ್ಕೆ ನೋಡಿ. ಶಿಲುಬೆಯಾಕಾರದ ತ್ರಿಶಂಕು ತಗ್ಗಿನಲ್ಲಿ ನಿಂತಿರುತ್ತದೆ. ನಮ್ಮ ಮನೆಯ ಕಿರಿಯವಳು ಕ್ಯಾಮರಾಕ್ಕಿಂತ ಮೊದಲೇ ಅದನ್ನು ಕಂಡುಹಿಡಿದಳು.

ಕೊನೆಗೆ ಟಾರ್ಚನ್ನು ಬಂಡೆಯ ಮೇಲೆ ಎರಡೇ ಸೆಕೆಂಡು ಆಡಿಸಿದೆವು. ಆ ಒಂದು ಚಿತ್ರ ಈಗ ಊಟದ ಕೋಣೆಯ ಗೋಡೆಯಲ್ಲಿದೆ.