ಕಲಿಸುತ್ತ ಕಲಿತ ಚೆಲ್ಲೊ ವಾದಕ

ಎಂಟನೇ ವಯಸ್ಸಿಗೇ ಪಾಠ ಹೇಳಲು ಶುರು. ಹನ್ನೆರಡಾಗುವಷ್ಟರಲ್ಲಿ ಐವರು ಶಿಷ್ಯರು. ಬುಡಾಪೆಸ್ಟ್‌ನಲ್ಲಿ 1924ರಲ್ಲಿ ಹುಟ್ಟಿದ ಯಾನೋಶ್ ಸ್ಟಾರ್ಕರ್ ಇಪ್ಪತ್ತನೇ ಶತಮಾನದ ಅಗ್ರಪಂಕ್ತಿಯ ಚೆಲ್ಲೊ ವಾದಕರಲ್ಲಿ ಒಬ್ಬರು. ಕಛೇರಿಗಳು ಕಡಿಮೆಯಾದ ಮೇಲೆ ಪಾಠಕ್ಕೆ ಕೂರುವ ಕಲಾವಿದರು ಎಲ್ಲ ಕಡೆ ಸಿಗುತ್ತಾರೆ. ಸ್ಟಾರ್ಕರ್‌ಗೆ ಕಛೇರಿ, ಪಾಠ ಎರಡೂ ಒಂದೇ ಕಸುಬಾಗಿದ್ದವು.

ಚೆಲ್ಲೊ ಪಿಟೀಲಿನ ವಂಶದ್ದೇ ದೊಡ್ಡ ವಾದ್ಯ. ಕುರ್ಚಿಯಲ್ಲಿ ಕೂತು, ತಳದ ಕಡ್ಡಿಯನ್ನು ನೆಲಕ್ಕೆ ಊರಿ, ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ಕಮಾನಿನಿಂದ ನುಡಿಸಬೇಕು. ತಂತಿ ನಾಲ್ಕೇ ಆದರೂ ಉದ್ದ ಹೆಚ್ಚು. ಸ್ವರದಿಂದ ಸ್ವರಕ್ಕೆ ಎಡಗೈ ದೂರ ಹೋಗಬೇಕು.

ಯೆಹೂದಿ ಕುಟುಂಬದ ಈ ಹುಡುಗ ಬುಡಾಪೆಸ್ಟ್‌ನ ಲಿಸ್ಟ್ ಸಂಗೀತ ಅಕಾಡೆಮಿಯಲ್ಲಿ ಅಡಾಲ್ಫ್ ಶಿಫರ್ ಬಳಿ ಕಲಿತ. ಎರಡನೇ ಮಹಾಯುದ್ಧ ಬಂತು. ಪಿಟೀಲು ವಾದಕರಾಗಿದ್ದ ಇಬ್ಬರು ಅಣ್ಣಂದಿರನ್ನೂ ನಾಜಿಗಳು ಕೊಂದರು. ಸ್ಟಾರ್ಕರ್ ಬಂಧನ ಶಿಬಿರದಿಂದ ಬದುಕಿ ಬಂದರು. 1946ರಲ್ಲಿ ದೇಶ ಬಿಟ್ಟರು. ಬಾಲಪ್ರತಿಭೆಯಾಗಿದ್ದಾಗ ಯೋಚನೆಯೇ ಇಲ್ಲದೆ ಒದಗುತ್ತಿದ್ದ ಕೌಶಲ ಆ ದಿನಗಳಲ್ಲಿ ಕೈಕೊಟ್ಟಿತು. ಯಾವ ಸ್ನಾಯು ಯಾವಾಗ ಏನು ಮಾಡುತ್ತದೆ ಎಂದು ಮೊದಲಿನಿಂದ ಬಿಡಿಸಿ ನೋಡತೊಡಗಿದರು. ಮುಂದೆ ಅವರು ಹೇಳಿದ ಪಾಠಕ್ಕೆಲ್ಲ ಬಂಡವಾಳ ಈ ಹುಡುಕಾಟವೇ.

ಪ್ಯಾರಿಸ್‌ನಲ್ಲಿ ಅವರು ಧ್ವನಿಮುದ್ರಿಸಿದ, ಹಂಗೇರಿಯ ಸಂಗೀತ ರಚನಕಾರ ಕೊಡಾಯ್ ಅವರ ಚೆಲ್ಲೊ ಸೊನಾಟಾಗೆ ಫ್ರಾನ್ಸಿನ ದೊಡ್ಡ ಪ್ರಶಸ್ತಿ ಬಂತು. 1915ರ ಈ ಕೃತಿಗೆ ಪಕ್ಕವಾದ್ಯವಿಲ್ಲ. ಕೆಳಗಿನ ಎರಡು ತಂತಿಗಳ ಶ್ರುತಿಯನ್ನು ಅರ್ಧ ಸ್ವರ ಇಳಿಸಿಕೊಳ್ಳಬೇಕು; ಬಲಗೈ ಕಮಾನು ಎಳೆಯುತ್ತಿರುವಾಗಲೇ ಎಡಗೈ ಬೆರಳು ತಂತಿ ಮೀಟಬೇಕಾದ ಜಾಗಗಳೂ ಇವೆ.

1948ರಲ್ಲಿ ಅಮೆರಿಕ ಸೇರಿದ ಸ್ಟಾರ್ಕರ್ ಡಲ್ಲಾಸ್, ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಒಪೆರಾ, ಶಿಕಾಗೊ ಆರ್ಕೆಸ್ಟ್ರಾಗಳಲ್ಲಿ ಪ್ರಧಾನ ಚೆಲ್ಲೊ ವಾದಕರಾದರು. 1958ರಲ್ಲಿ ಅದನ್ನೂ ಬಿಟ್ಟು ಬ್ಲೂಮಿಂಗ್ಟನ್‌ನ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಮೇಷ್ಟರಾಗಿ ಹೋದರು. ದೇಶದೇಶಗಳಲ್ಲಿ ಕಛೇರಿ ಕೊಟ್ಟು ಬಂದು ಮತ್ತೆ ಪಾಠಕ್ಕೆ ಕೂರುತ್ತಿದ್ದರು.

ಅವರ ಪಾಠದ ಒಂದು ಅಂಶ ನೋಡಿ. ಕೆಳಗಿನ ಸ್ವರದಿಂದ ಮೇಲಿನ ಸ್ವರಕ್ಕೆ ಹಾರುವಾಗ ಕಲಿಯುವವರ ಗಮನವೆಲ್ಲ ಬೆರಳಿನ ಮೇಲೆ. ಬೆರಳು ಗಡಿಬಿಡಿಯಲ್ಲಿ ಓಡುತ್ತದೆ, ಹೆಬ್ಬೆರಳು ಬಿಗಿಯುತ್ತದೆ, ಸ್ವರ ಜಾರುತ್ತದೆ. ತೋಳು ಮೊದಲೇ ಹೊರಡಲಿ ಎನ್ನುವುದು ಸ್ಟಾರ್ಕರ್ ಮಾರ್ಗ. ಹಿಂದಿನ ಸ್ವರ ಇನ್ನೂ ಮೊಳಗುತ್ತಿರುವಾಗಲೇ ಮೊಣಕೈ ಮುಂದಿನ ಜಾಗಕ್ಕೆ ಅಣಿಯಾದರೆ ಬೆರಳು ತಾನಾಗಿ ಅಲ್ಲಿ ಇಳಿಯುತ್ತದೆ. ಬಲ ಬೆನ್ನಿನಿಂದ ಬರಬೇಕು, ಉಸಿರು ಕಟ್ಟಬಾರದು. ವೇದಿಕೆಯಲ್ಲಿ ಅವರ ಮೈಯೂ ಮುಖವೂ ಅಲುಗಾಡದಿರುವುದನ್ನು ಕಂಡು ಕೆಲವು ವಿಮರ್ಶಕರು ತಣ್ಣನೆಯ ವಾದನ ಎಂದರು. ಶಿಷ್ಯರಿಗೆ ಮಾತ್ರ ಆ ನಿಶ್ಚಲತೆಯೇ ಕಣ್ಣಿಗೆ ಕಾಣುವ ಪಾಠವಾಗಿತ್ತು.

ಸಂಗೀತ ರಚನಕಾರ ಬಾಖ್ ಚೆಲ್ಲೊಗೆ ಬರೆದ ಆರು ಸೂಟ್‌ಗಳನ್ನು ಅವರು ಮತ್ತೆ ಮತ್ತೆ ಧ್ವನಿಮುದ್ರಿಸಿದರು. ಕೊನೆಯದಕ್ಕೆ 1998ರಲ್ಲಿ ಗ್ರ್ಯಾಮಿ ಪ್ರಶಸ್ತಿ ಸಂದಾಗ ಅವರ ವಯಸ್ಸು ಎಪ್ಪತ್ತಮೂರು. 2013ರಲ್ಲಿ ಬ್ಲೂಮಿಂಗ್ಟನ್‌ನಲ್ಲೇ ತೀರಿಕೊಂಡರು. ಅವರ ಶಿಷ್ಯ, ಜಪಾನಿನ ತ್ಸುಯೊಶಿ ತ್ಸುತ್ಸುಮಿ 1963ರಲ್ಲಿ ಕಸಾಲ್ಸ್ ಚೆಲ್ಲೊ ಸ್ಪರ್ಧೆ ಗೆದ್ದದ್ದು ಗುರು ತೊರೆದು ಬಂದಿದ್ದ ಬುಡಾಪೆಸ್ಟ್‌ನಲ್ಲೇ. ಮುಂದೆ ಅವರೂ ಕಛೇರಿಗಳ ನಡುವೆ ಇಂಡಿಯಾನಾದಲ್ಲಿ ವರ್ಷಗಟ್ಟಲೆ ಪಾಠ ಹೇಳಿದರು.