ಪಟ್ಟಕ್ಕೆ ಹಕ್ಕುದಾರ ಯಾರು? ಸೂರತ್ ಸೀಮೆಯ ಗಾದಿಗಳ ಕಥೆ

ಸೂರತ್ ನಗರದ ಉಧನಾ ದಾಟಿ ದಕ್ಷಿಣಕ್ಕೆ ಹೊರಟರೆ ಪಾಂಡೇಸರಾ ಸಿಗುತ್ತದೆ. ಸೀರೆ ಬಟ್ಟೆಗಳಿಗೆ ಬಣ್ಣ ಹಾಕುವ, ಅಚ್ಚೊತ್ತುವ ಗಿರಣಿಗಳ ಪ್ರದೇಶ. ಅದೇ ದಾರಿಯಲ್ಲಿ ಭೇಸ್ತಾನ್ ಕಳೆದು ಮುಂದೆ ಹೋದರೆ ಸಚಿನ್. ಇಂದು ಅದೂ ಕಾರ್ಖಾನೆಗಳ ಊರೇ. ಆದರೆ 1948ರ ತನಕ ಅದೊಂದು ಸಂಸ್ಥಾನ. ಒಂಬತ್ತು ತೋಪಿನ ಸಲಾಮಿಯ ಗೌರವವಿದ್ದ ಅಲ್ಲಿನ ನವಾಬರ ಮೂಲ ಆಫ್ರಿಕಾ.

ನಮ್ಮ ಯಲ್ಲಾಪುರ, ಹಳಿಯಾಳದ ಕಾಡಂಚಿನಲ್ಲಿರುವ ಸಿದ್ದಿಗಳ ಹಿರಿಯರೂ ಆಫ್ರಿಕಾದಿಂದಲೇ ಬಂದವರು. ಅವರ ಪಾಲಿಗೆ ಬಂದದ್ದು ಗುಲಾಮಗಿರಿ ಮತ್ತು ಕೂಲಿ. ಕೊಂಕಣದ ಜಂಜಿರಾ ಕೋಟೆಯ ಸಿದ್ದಿಗಳು ಮಾತ್ರ ಹಡಗುಪಡೆ ಕಟ್ಟಿ ಆಳುವವರಾದರು. ಅಲ್ಲಿ ಮೊದಮೊದಲು ಅಪ್ಪನ ಪಟ್ಟ ಮಗನಿಗೆ ಎಂಬ ಕಟ್ಟುನಿಟ್ಟು ಇರಲಿಲ್ಲ. ಸರದಾರರಲ್ಲಿ ಸಮರ್ಥನಾದವನು ಮುಖ್ಯಸ್ಥನಾಗುತ್ತಿದ್ದ. ಔರಂಗಜೇಬನು ಸಿದ್ದಿ ಕಾಸಿಮನಿಗೆ ‘ಯಾಕೂತ್ ಖಾನ್’ ಎಂಬ ಬಿರುದು ಕೊಟ್ಟ. ಮುಂದೆ ಸಚಿನ್ ನವಾಬರು ಅದನ್ನು ಹೆಸರಿನ ಭಾಗವಾಗಿಯೇ ಇಟ್ಟುಕೊಂಡರು. ಒಬ್ಬನ ಸೇವೆಗೆ ಸಂದ ಮನ್ನಣೆ ಹೀಗೆ ಮನೆತನದ ಆಸ್ತಿಯಾಯಿತು.

1784ರಲ್ಲಿ ಜಂಜಿರಾದ ಮುಖ್ಯಸ್ಥ ಅಬ್ದುಲ್ ರಹೀಂ ತೀರಿಕೊಂಡ. ಮಗ ಅಬ್ದುಲ್ ಕರೀಂ, ಅಂದರೆ ಬಾಲು ಮಿಯಾ, ಪಟ್ಟಕ್ಕೆ ಬರಬೇಕಿತ್ತು. ಆದರೆ ಇನ್ನೊಬ್ಬ ಸರದಾರ ಸಿದ್ದಿ ಜೋಹರ್ ಕೋಟೆಯನ್ನು ವಶ ಮಾಡಿಕೊಂಡ. ಬಾಲು ಮಿಯಾ ಪುಣೆಗೆ ಓಡಿಹೋಗಿ ಪೇಶ್ವೆಯ ಆಸರೆ ಬೇಡಿದ. 1791ರಲ್ಲಿ ಒಂದು ಒಪ್ಪಂದವಾಯಿತು: ಬಾಲು ಮಿಯಾ ಜಂಜಿರಾದ ಮೇಲಿನ ತನ್ನ ಹಕ್ಕನ್ನು ಪೇಶ್ವೆಗೆ ಬಿಟ್ಟುಕೊಡಬೇಕು, ಬದಲಿಗೆ ಸೂರತ್ ಬಳಿಯ ಹಳ್ಳಿಗಳನ್ನು ಪಡೆಯಬೇಕು. ಇದರ ಹಿಂದಿದ್ದ ತಲೆ ನಾನಾ ಫಡ್ನವೀಸನದು. ಪೇಶ್ವೆಗೆ ಜಂಜಿರಾ ಕೊನೆಗೂ ದಕ್ಕಲಿಲ್ಲ. ಬಾಲು ಮಿಯಾನ ಸಂತತಿ ಮಾತ್ರ ನೂರೈವತ್ತಕ್ಕೂ ಹೆಚ್ಚು ವರ್ಷ ಸಚಿನ್‌ನಲ್ಲಿ ನವಾಬಗಿರಿ ನಡೆಸಿತು. ಕೈಗೆ ಬಾರದ ಒಂದು ಪಟ್ಟದ ಹಕ್ಕಿನಿಂದಲೇ ಇನ್ನೊಂದು ಸಂಸ್ಥಾನ ಹುಟ್ಟಿದ ಇಂಥ ಪ್ರಸಂಗ ನಮ್ಮ ಚರಿತ್ರೆಯಲ್ಲಿ ಅಪರೂಪ.

ಪಕ್ಕದ ಸೂರತ್ ನವಾಬರ ಪಾಡು ಇದಕ್ಕೆ ತದ್ವಿರುದ್ಧ. 1759ರಲ್ಲಿ ಅಲ್ಲಿನ ಕೋಟೆ ಇಂಗ್ಲಿಷರ ಕೈಸೇರಿತ್ತು. 1800ರ ಒಪ್ಪಂದದಲ್ಲಿ ನಗರದ ಆಡಳಿತವೂ ಹೋಯಿತು. ನವಾಬ ನಾಸಿರುದ್ದೀನನಿಗೆ ಉಳಿದದ್ದು ಬಿರುದು ಮತ್ತು ವರ್ಷಕ್ಕೆ ಒಂದು ಲಕ್ಷ ರೂಪಾಯಿ. ಈ ಹಣ ನವಾಬನಿಗೂ ಅವನ ವಾರಸುದಾರರಿಗೂ ಸಲ್ಲುತ್ತದೆಂದು ಒಪ್ಪಂದ ಹೇಳಿತ್ತು. 1842ರಲ್ಲಿ ನವಾಬ ಅಫ್ಜಲುದ್ದೀನ್ ಗಂಡುಸಂತಾನವಿಲ್ಲದೆ ತೀರಿಕೊಂಡಾಗ ಕಂಪನಿ ಬಿರುದನ್ನೂ ರದ್ದು ಮಾಡಿತು, ವರ್ಷಾಶನವನ್ನೂ ನಿಲ್ಲಿಸಿತು.

ಅಳಿಯ ಮೀರ್ ಜಾಫರ್ ಅಲಿ ಖಾನ್ ಸುಮ್ಮನೆ ಕೂರಲಿಲ್ಲ. 1844ರಲ್ಲಿ ಲಂಡನ್‌ಗೆ ಹೋದ. ಜೊತೆಗೆ ಹೋದ ಕಾರ್ಯದರ್ಶಿ ಲುತ್ಫುಲ್ಲಾ ಆ ಪ್ರಯಾಣವನ್ನು ತನ್ನ ಆತ್ಮಕಥೆಯಲ್ಲಿ ಬರೆದಿಟ್ಟಿದ್ದಾನೆ. ಮುಸ್ಲಿಂ ಕಾನೂನಿನಲ್ಲಿ ಹೆಣ್ಣುಮಕ್ಕಳಿಗೂ ಆಸ್ತಿಯಲ್ಲಿ ಪಾಲುಂಟು. ಹಾಗಿರುವಾಗ ‘ವಾರಸುದಾರರು’ ಎಂದರೆ ಗಂಡುಮಕ್ಕಳಷ್ಟೇ ಹೇಗಾದಾರು? ವ್ಯಾಜ್ಯ 1856ರಲ್ಲಿ ಬ್ರಿಟಿಷ್ ಸಂಸತ್ತಿನ ಕಾಮನ್ಸ್ ಸಭೆಗೂ ಮಸೂದೆಯಾಗಿ ಬಂತು. ನವಾಬ ಪದವಿ ಮಾತ್ರ ಮರಳಲಿಲ್ಲ. ಬರೆದು ಕೊಟ್ಟ ಮಾತಿಗೆ ಆಮೇಲೆ ತಮಗೆ ಬೇಕಾದ ಅರ್ಥ ಹಚ್ಚಿದ್ದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಗಂಡುಮಗನಿಲ್ಲದ ಮಾತ್ರಕ್ಕೆ ಮನೆತನ ಮುಗಿಯಲೇಬೇಕೆಂದಿರಲಿಲ್ಲ. ವಡೋದರಾವನ್ನು ನೋಡಿ. 1870ರಲ್ಲಿ ಖಂಡೇರಾವ್ ಗಾಯಕವಾಡ ತೀರಿಕೊಂಡಾಗ ರಾಣಿ ಜಮನಾಬಾಯಿ ಬಸುರಿ. ಹೆಣ್ಣುಮಗು ಹುಟ್ಟಿತು, ಪಟ್ಟ ಮೈದುನ ಮಲ್ಹಾರರಾವ್‌ಗೆ ಹೋಯಿತು. ರೆಸಿಡೆಂಟನಿಗೆ ವಿಷ ಹಾಕಿಸಲು ಯತ್ನಿಸಿದ ಆರೋಪದ ವಿಚಾರಣೆ ನಡೆದು 1875ರಲ್ಲಿ ಬ್ರಿಟಿಷರು ಅವನನ್ನು ಪದಚ್ಯುತಗೊಳಿಸಿದರು. ಆಗ ನಾಸಿಕ ಕಡೆಯ ಕವಳಾಣಾ ಎಂಬ ಹಳ್ಳಿಯಿಂದ ಗಾಯಕವಾಡರ ದೂರದ ಶಾಖೆಯ ಹನ್ನೆರಡು ವರ್ಷದ ಗೋಪಾಲರಾವ್‌ನನ್ನು ಕರೆತಂದು ಜಮನಾಬಾಯಿ ದತ್ತು ಪಡೆದಳು. ಓದುಬರಹ ಬಾರದ ಆ ರೈತರ ಮಗನೇ ಮೂರನೆಯ ಸಯಾಜಿರಾವ್. ‘ಸೇನಾ ಖಾಸ್ ಖೇಲ್ ಶಂಶೇರ್ ಬಹಾದ್ದೂರ್’ ಎಂಬ ಹಳೆಯ ಬಿರುದಾವಳಿಯೂ ದತ್ತಕದೊಂದಿಗೇ ಅವನಿಗೆ ಬಂತು. 1939ರವರೆಗೆ ಆಳಿದ ಅವನು ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡಿದ.

ಕನ್ನಡಿಗರಿಗೆ ಇಲ್ಲಿ ಕಿತ್ತೂರು ನೆನಪಾಗದೆ ಇರದು. 1824ರಲ್ಲಿ ಅಲ್ಲಿನ ಶಿವಲಿಂಗಪ್ಪನ ದತ್ತಕವನ್ನು ಇಂಗ್ಲಿಷ್ ಅಧಿಕಾರಿ ಥ್ಯಾಕರೆ ಒಪ್ಪಲಿಲ್ಲ. ಅಕ್ಟೋಬರ್ 23ರ ಕಾಳಗದಲ್ಲಿ ಥ್ಯಾಕರೆಯೇ ಪ್ರಾಣ ಕಳೆದುಕೊಂಡ. ಅದೇ ಇಂಗ್ಲಿಷರು ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ಪಡೆದ ದತ್ತುಪುತ್ರ ಚಾಮರಾಜೇಂದ್ರರಿಗೆ 1868ರಲ್ಲಿ ಪಟ್ಟ ಕಟ್ಟಲು ಒಪ್ಪಿದರು. ನಡುವೆ 1857ರ ದಂಗೆ ಆಗಿಹೋಗಿತ್ತು. ರಾಜರನ್ನು ಎದುರು ಹಾಕಿಕೊಳ್ಳುವುದು ದುಬಾರಿಯೆಂದು ತಿಳಿದ ಸರ್ಕಾರ 1862ರಲ್ಲಿ ಸಂಸ್ಥಾನಿಕರಿಗೆ ದತ್ತಕದ ಸನದುಗಳನ್ನು ಕೊಟ್ಟಿತ್ತು. ಅಂದರೆ ಬದಲಾದದ್ದು ಧರ್ಮಶಾಸ್ತ್ರವಲ್ಲ, ಮಾನ್ಯತೆ ಕೊಡುವವರ ಲೆಕ್ಕಾಚಾರ.

ಮಾನ್ಯತೆ ಎಷ್ಟು ದೊಡ್ಡದೆಂಬುದಕ್ಕೆ ಸಚಿನ್‌ನಲ್ಲೇ ಇನ್ನೊಂದು ನಿದರ್ಶನವಿದೆ. 1926ರಲ್ಲಿ ‘ಬುಲ್‌ಬುಲೆ ಪರಿಸ್ತಾನ್’ ನಿರ್ದೇಶಿಸಿದ ಫಾತಿಮಾ ಬೇಗಂ ಭಾರತದ ಮೊದಲ ಚಿತ್ರನಿರ್ದೇಶಕಿ. ಅವರ ಮಗಳು ಜುಬೇದಾ 1931ರ ‘ಆಲಂ ಆರಾ’ದ ನಾಯಕಿ. ಫಾತಿಮಾ ಬೇಗಂ ಅವರ ಹೆಣ್ಣುಮಕ್ಕಳ ತಂದೆ ಸಚಿನ್ ನವಾಬ ಮೂರನೆಯ ಇಬ್ರಾಹಿಂ ಯಾಕೂತ್ ಖಾನ್ ಎಂಬ ಮಾತು ಬಹುಕಾಲದಿಂದ ಪ್ರಚಲಿತ. ಮದುವೆಗಾಗಲಿ, ನವಾಬ ಮಕ್ಕಳನ್ನು ತನ್ನವರೆಂದು ಒಪ್ಪಿದ್ದಕ್ಕಾಗಲಿ ದಾಖಲೆಯಿಲ್ಲ. ಜನ ಅವರನ್ನು ರಾಜಕುಮಾರಿಯರೆಂದು ಕರೆದರೂ ಗಾದಿಯ ವಂಶಾವಳಿಯಲ್ಲಿ ಅವರಿಗೆ ಜಾಗವಿಲ್ಲ.

1948ರ ಮಾರ್ಚ್‌ನಲ್ಲಿ ಸಚಿನ್ ಮುಂಬಯಿ ಪ್ರಾಂತಕ್ಕೆ ಸೇರಿತು. ಸಂಸ್ಥಾನಿಕರ ಪದವಿಯ ಮಾನ್ಯತೆ, ರಾಜಧನ ಎರಡನ್ನೂ 1971ರ 26ನೆಯ ಸಂವಿಧಾನ ತಿದ್ದುಪಡಿ ರದ್ದು ಮಾಡಿತು. ಮೈಸೂರಿನಲ್ಲಿ 2015ರಲ್ಲಿ ಪ್ರಮೋದಾದೇವಿಯವರು ಯದುವೀರರನ್ನು ದತ್ತು ಪಡೆದರು, ಅರಮನೆಯಲ್ಲಿ ಪಟ್ಟಾಭಿಷೇಕವೂ ನಡೆಯಿತು. ಅದಕ್ಕೆ ಯಾವ ಸರ್ಕಾರದ ಸನದೂ ಬೇಕಾಗಲಿಲ್ಲ.