ಮೀನಿನ ತೊಟ್ಟಿಯ ಪಂಪು: ಮನೆಯಲ್ಲೇ ಮಾಡಬಹುದಾದ ಸುಧಾರಣೆ

ಮಹಾನಗರದ ಎರಡು ಕೋಣೆಯ ಮನೆಯಲ್ಲಿ ಹಸುವನ್ನು ಕಟ್ಟುವಂತಿಲ್ಲ. ನಾಯಿಯೆಂದರೆ ಸೊಸೈಟಿಯವರು ಹುಬ್ಬು ಗಂಟಿಕ್ಕುತ್ತಾರೆ. ಹೀಗಾಗಿ ಮಕ್ಕಳ ಹಟಕ್ಕೆ ಮಣಿದು ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವ ಹವ್ಯಾಸವು ನಮ್ಮವರ ಅನೇಕ ಮನೆಗಳನ್ನು ಹೊಕ್ಕಿದೆ. ತಂದ ಮೀನು ಕೆಲವೇ ದಿನಗಳಲ್ಲಿ ಸತ್ತಾಗ ಮಕ್ಕಳು ಅಳುತ್ತಾರೆ, ಹಿರಿಯರು ಅಂಗಡಿಯವನನ್ನು ಶಪಿಸುತ್ತಾರೆ. ದೋಷವು ಬಹುಮಟ್ಟಿಗೆ ನೀರಿನದು. ಮೀನಿನ ವಿಸರ್ಜನೆಯಿಂದ ಹುಟ್ಟುವ ಅಮೋನಿಯವು ವಿಷ. ಅದನ್ನು ನೈಟ್ರೈಟ್ ಆಗಿಯೂ ಬಳಿಕ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುವ ಅಣುಜೀವಿಗಳು ಸ್ಪಂಜು, ಜಲ್ಲಿಗಳ ಮೇಲೆ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಅವುಗಳ ಬಳಿಗೆ ನೀರನ್ನು ಎಡೆಬಿಡದೆ ಒಯ್ಯುವುದೇ ಪಂಪಿನ ಕೆಲಸ.

60 ಸೆಂಟಿಮೀಟರ್ ಉದ್ದ, 30 ಅಗಲ, 30 ಎತ್ತರದ ತೊಟ್ಟಿಯಲ್ಲಿ ಹಿಡಿಯುವ ನೀರು 54 ಲೀಟರ್. ಗಂಟೆಗೆ ನಾಲ್ಕು ಬಾರಿಯಾದರೂ ಅದು ಶೋಧಕವನ್ನು ಹಾಯಬೇಕೆಂಬುದು ಹವ್ಯಾಸಿಗಳಲ್ಲಿ ರೂಢಿಯಲ್ಲಿರುವ ಲೆಕ್ಕ. ಎಂದರೆ ಸುಮಾರು 216 ಲೀಟರ್. ಡಬ್ಬದ ಮೇಲೆ ‘ಗಂಟೆಗೆ 400 ಲೀಟರ್’ ಎಂದು ಮುದ್ರಿತವಾಗಿದ್ದರೆ ನಿಶ್ಚಿಂತರಾಗಬೇಡಿ. ಆ ಸಂಖ್ಯೆಯು ನೀರನ್ನು ಮೇಲಕ್ಕೆ ಏರಿಸದಿರುವಾಗಿನದು. ಬ್ಯಾಂಕಿನಲ್ಲಿ ನಾವು ಸಾಲಗಾರನು ಬರೆದುಕೊಟ್ಟ ಆದಾಯವನ್ನಷ್ಟೇ ನಂಬಿ ಸಾಲ ಮಂಜೂರು ಮಾಡುವುದಿಲ್ಲವಷ್ಟೆ!

ಸುಧಾರಣೆಗೆ ಬೇಕಾದದ್ದು ಅಲ್ಪ. ಪಂಪು ನೀರೆಳೆಯುವ ಬಾಯಿಗೆ ಒರಟು ರಂಧ್ರದ ಸ್ಪಂಜಿನ ಕವಚ ತೊಡಿಸಿದರೆ ಮೀನುಮರಿಗಳು ಒಳಗೆ ಸೆಳೆಯಲ್ಪಡುವುದಿಲ್ಲ. ತೊಟ್ಟಿಯ ಮೇಲೆ, ತಳದಲ್ಲಿ ತೂತು ಕೊರೆದ ಪ್ಲಾಸ್ಟಿಕ್ ಡಬ್ಬವೊಂದನ್ನಿಟ್ಟು, ಸ್ಪಂಜು ಮತ್ತು ತೊಳೆದ ಜಲ್ಲಿ ತುಂಬಿ, ಪಂಪಿನ ಕೊಳವೆಯನ್ನು ಅದಕ್ಕೆ ಬಿಡಬೇಕು. ಸೋಸಿದ ನೀರು ಮಳೆಯಂತೆ ಕೆಳಗೆ ಬೀಳುತ್ತದೆ. ಮೇಲ್ಮೈ ಕಲಕಿ ಆಮ್ಲಜನಕವೂ ಬೆರೆಯುತ್ತದೆ. ಬೇಸಿಗೆಯಲ್ಲಿ ಇದು ಮುಖ್ಯ, ಏಕೆಂದರೆ 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದರೆ 30 ಡಿಗ್ರಿಯದು ಹಿಡಿಯುವುದು ಏಳೂವರೆ ಮಾತ್ರ. ಡಬ್ಬದ ಅಂಚಿನಲ್ಲಿ ತೊಟ್ಟಿಯ ಕಡೆಗೇ ಒಂದು ಕಚ್ಚು ಕೊರೆಯಲು ಮರೆಯದಿರಿ. ಸ್ಪಂಜು ಕಟ್ಟಿಕೊಂಡ ದಿನ ನೀರು ಆ ದಾರಿಯಲ್ಲಿ ತೊಟ್ಟಿಗೇ ಮರಳೀತು. ಇಲ್ಲವಾದರೆ ಕೆಳಮನೆಯವರು ಬಾಗಿಲು ತಟ್ಟಿಯಾರು.

ಇನ್ನು ಪರೀಕ್ಷೆ. ನೀರು ತುಂಬಿದ ಟಬ್ಬಿನಲ್ಲಿ ಪಂಪನ್ನು ಸ್ಪಂಜುಸಹಿತ ಮುಳುಗಿಸಿ, ಕೊಳವೆಯ ತುದಿಯನ್ನು ನೀರಿನ ಮಟ್ಟದಿಂದ ಡಬ್ಬದಷ್ಟೇ ಎತ್ತರದಲ್ಲಿ ಹಿಡಿದು, 10 ಲೀಟರಿನ ಬಕೆಟ್ಟು ತುಂಬುವ ಕಾಲವನ್ನು ಗಡಿಯಾರದಲ್ಲಿ ನೋಡಿ. 36,000ವನ್ನು ಆ ಸೆಕೆಂಡುಗಳಿಂದ ಭಾಗಿಸಿದರೆ ಗಂಟೆಯ ಲೀಟರು ದೊರೆಯುತ್ತದೆ. 90 ಸೆಕೆಂಡಾದರೆ 400. 144 ಆದರೆ 250. ತಿಂಗಳಿಗೊಮ್ಮೆ ಇದನ್ನು ಬರೆದಿಡಿ. ಹರಿವು ಕುಗ್ಗಿದರೆ ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿರಿ. ನಲ್ಲಿಯ ಕ್ಲೋರಿನ್ ಆ ಅಣುಜೀವಿಗಳನ್ನು ಕೊಲ್ಲುತ್ತದೆ, ಸೋಪಂತೂ ಸಲ್ಲದು. ಹರಿವು ಹೆಚ್ಚೆನಿಸಿದರೆ ಹೊರಬಾಯಿಯನ್ನು ಕಿರಿದುಮಾಡಿ, ಒಳಬಾಯಿಯನ್ನಲ್ಲ. ಮೋಟಾರನ್ನು ತಂಪಾಗಿಡುವುದು ಆ ನೀರೇ.

ಪಂಪಿನ ವಿದ್ಯುತ್ ಭಾಗವನ್ನು ರಾಳದಲ್ಲಿ ಮುಚ್ಚಿರುತ್ತಾರೆ. ಅದನ್ನು ಎಂದಿಗೂ ಕೊರೆಯಬಾರದು, ಬಿಚ್ಚಬಾರದು. ತಂತಿಯನ್ನು ಪ್ಲಗ್ಗಿಗಿಂತ ಕೆಳಕ್ಕೆ ಇಳಿಬಿಟ್ಟು ಮತ್ತೆ ಮೇಲೇರಿಸಿದರೆ ಅದರ ಗುಂಟ ಹರಿದ ನೀರು ನೆಲಕ್ಕೆ ತೊಟ್ಟಿಕ್ಕುತ್ತದೆ, ಪ್ಲಗ್ಗನ್ನು ಸೇರುವುದಿಲ್ಲ. 30 ಮಿಲಿಆಂಪಿಯರಿನ ಸೋರಿಕೆಗೆ ವಿದ್ಯುತ್ತನ್ನು ಕಡಿಯುವ ಸಾಧನವನ್ನು ಮನೆಯಲ್ಲಿ ಹಾಕಿಸಿರಿ. ಪ್ಲಗ್ಗು ಕೀಳದೆ ನೀರಿಗೆ ಕೈಹಾಕುವುದು ಹಿರಿಯರಿಗೂ ಕೂಡದು.

ಕೈಯಲ್ಲಿ ಗಾಯವಿದ್ದರೆ ಕೈಗವಸು ತೊಡಬೇಕು. ಕೊಳವೆಯನ್ನು ಬಾಯಿಂದ ಹೀರಿ ನೀರಿಳಿಸಬಾರದು. ಕ್ಷಯದ ಅಣುವಿನ ಬಳಗಕ್ಕೆ ಸೇರಿದ ಮೈಕೋಬ್ಯಾಕ್ಟೀರಿಯಂ ಮ್ಯಾರಿನಂ ಎಂಬುದು ತೊಟ್ಟಿಯ ನೀರಿನಿಂದ ಗಾಯವನ್ನು ಹೊಕ್ಕು, ಕೆಲವು ವಾರಗಳ ಮೇಲೆ ಬೆರಳು, ಮುಂಗೈಗಳಲ್ಲಿ ಗಂಟುಗಳನ್ನು ಎಬ್ಬಿಸಬಲ್ಲುದು. ಅಂಥ ಗಂಟು ಮಾಯದೆ ಉಳಿದರೆ, ಮನೆಯಲ್ಲಿ ಮೀನಿನ ತೊಟ್ಟಿಯಿದೆಯೆಂದು ವೈದ್ಯರಿಗೆ ಮೊದಲೇ ತಿಳಿಸಿರಿ. ತಿಳಿಸದಿದ್ದಲ್ಲಿ ಈ ರೋಗದ ಸಂಶಯವೇ ಅವರಿಗೆ ಬಾರದೆ ಚಿಕಿತ್ಸೆಯು ತಿಂಗಳುಗಟ್ಟಲೆ ತಡವಾಗುವುದುಂಟು.